ಗಿಲೀಟಿನ ತಾಳಿ

೭ ಜನವರಿ ೧೯೭೪, ಸೋಮವಾರ

ಬೆಳಗಿನಿಂದ ಅದೇ ಕೆಲಸ. ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ತಂದ ಹೆಂಗಸರ ಸೆರಗು ಜಾಲಾಡುವುದು. ಒಬ್ಬಳ ಎಲೆಅಡಿಕೆ ಚೀಲದಲ್ಲಿ ಸಿಕ್ಕಿದ್ದು ಎಲೆಅಡಿಕೆ. ಮಹಿಳಾ ಹೆಡ್ ಕಾನ್ಸ್‌ಟೇಬಲ್ ಸತ್ಯವತಿ ಅಂದರೆ ಇಷ್ಟೇ... ಮಿಕ್ಕ ಹೊತ್ತು ಇನ್ಸ್‌ಪೆಕ್ಟರ್ ಹನುಮಂತಯ್ಯನವರ ಮನೆಯವರಿಗೆ ಸೀರೆ ಆರಿಸಿಕೊಡುವುದು.

ಮಧ್ಯಾಹ್ನ ಸಾಹೇಬರು ಕರೆದರು. ಸೀರೆ ಇರಬೇಕು ಅಂದುಕೊಂಡೆ. ಅಲ್ಲ. ಸುಂಕದಕಟ್ಟೆಯಾಚೆ ಕೆರೆಯಲ್ಲಿ ಸಿಕ್ಕಿದ ಹೆಣದ ಕೇಸು. ಸೇತುರಾಮ ಅಂತ, ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನ ಹುಡುಗ. ತಲೆ ಒಡೆದಿತ್ತು. ಡ್ರಾಯಿಂಗ್ ಅಂದ ಕೂಡಲೇ ಡೆಲ್ಲಿಯ ಗುಪ್ತಚರ ಇಲಾಖೆಯವರು ವಿಮಾನ ಹತ್ತಿ ಬಂದಿದ್ದಾರೆ. ವಿದೇಶದ ಕೈವಾಡವಂತೆ. ನಮ್ಮವರು ಫುಲ್ ಕೋಆಪರೇಷನ್ ಕೊಡಬೇಕು ಅಂತ ಮೇಲಿನಿಂದ ಆರ್ಡರ್. ಈಗಾಗಲೇ ಜೀಪು ಕೊಟ್ಟಾಯಿತು, ಟೈಪ್‌ರೈಟರ್ ಕೊಟ್ಟಾಯಿತು.

“ಇವಾಗ ಅವ್ರಿಗೆ ಒಂದು ಹೆಂಡ್ತಿ ಬೇಕಂತಮ್ಮ,” ಅಂದರು ಸಾಹೇಬರು. “ನಮ್ಮ ಸ್ಟೇಷನ್ನಲ್ಲಿ ಇರೋದು ನೀನೊಬ್ಳೇ.”

ವಿಷಯ ಇಷ್ಟು. ರಾಜಾಜಿನಗರದಲ್ಲಿ ಸೇತುರಾಮ ಬಾಡಿಗೆಗಿದ್ದ ಮಹಡಿ ಖಾಲಿಯಾಗಿದೆ. ಅಲ್ಲಿಂದ ನೋಡಿದರೆ ಎದುರು ಮನೆಯ ಲಕ್ಷ್ಮೀಪತಿ ಕಾಣುತ್ತಾನೆ. ಅವನ ತಾರಸಿಯ ಮೇಲೆ ಇಷ್ಟೆತ್ತರದ ರೇಡಿಯೋ ಏರಿಯಲ್. ಡೆಲ್ಲಿಯವರ ಕಣ್ಣು ಅವನ ಮೇಲೆ. ಆದರೆ ಮಹಡಿಯ ಓನರ್ ಕೃಷ್ಣಯ್ಯ ಸಂಸಾರಸ್ಥರಿಗೆ ಬಿಟ್ಟು ಯಾರಿಗೂ ಮನೆ ಕೊಡುವವರಲ್ಲ.

ಕೇಸ್ ಬಗೆಹರಿದರೆ ನನ್ನನ್ನು ತನಿಖೆಯ ಕೆಲಸಕ್ಕೆ ಹಾಕುತ್ತಾರಂತೆ. ಒಪ್ಪಿಕೊಂಡೆ. ಅವೆನ್ಯೂ ರೋಡಿನಿಂದ ತಂದ ಗಿಲೀಟಿನ ತಾಳಿ ಕೊಟ್ಟರು. ಕೇಸ್ ಮುಗಿದ ಮೇಲೆ ವಾಪಸ್ ಒಪ್ಪಿಸಬೇಕು ಅಂತ ರುಜು ಹಾಕಿಸಿಕೊಂಡರು.

ಅಮ್ಮನಿಗೆ ಟ್ರೈನಿಂಗ್ ಅಂತ ಹೇಳಿದ್ದೇನೆ. ಧನುರ್ಮಾಸ ಮುಗಿದ ಮೇಲೆ ಮಾಗಡಿಯಿಂದ ಗಂಡಿನ ಕಡೆಯವರು ನೋಡಲು ಬರುತ್ತಾರೆ. ನನಗೆ ಇಪ್ಪತ್ತೊಂಬತ್ತು. ಇದೇ ಕೊನೆಯ ಗಂಡು ಅಂತ ಅಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ. ನಾನು ಯಾರದೋ ಜೊತೆ ಸಂಸಾರ ಹೂಡಿದ್ದೇನೆ ಅಂತ ಅವರ ಕಿವಿಗೆ ಬಿದ್ದರೆ ಮುಗಿಯಿತು. ಅಮ್ಮ ಬದುಕುವುದಿಲ್ಲ.

೯ ಜನವರಿ, ಬುಧವಾರ

ಗೃಹಪ್ರವೇಶ. ಡೆಲ್ಲಿಯವರು ಕಳಿಸಿದ ನನ್ನ ಗಂಡನ ಹೆಸರು ಜಗನ್ನಾಥ ಅಂತೆ. ನಿಜವಾದ ಹೆಸರು ಕೇಳಬಾರದಂತೆ. ಅವರಿಗೆ ರೂಮು, ನನಗೆ ಅಡುಗೆಮನೆ -- ಒಳಗಿನಿಂದ ಚಿಲಕ.

ಕೃಷ್ಣಯ್ಯ ವರಾಂಡದಲ್ಲಿ ಕೂರಿಸಿ ವಿಚಾರಣೆ ಮಾಡಿದರು. ನಮ್ಮ ಸ್ಟೇಷನ್ನಿನಲ್ಲಿ ಅಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ. ಜಗನ್ನಾಥ್ ಸಾರ್ ಹುಟ್ಟಿದ ಊರು, ಓದಿದ ಸ್ಕೂಲು, ವಿಮೆ ಏಜೆಂಟ್ ಕೆಲಸ, ಎಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಗೋತ್ರ ಕೇಳುತ್ತಾರೆ ಅಂತ ಡೆಲ್ಲಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತಾರಲ್ಲ, ನಾನೇ ಬಾಯಿ ಹಾಕಿ ಹೇಳಿದೆ. ಕೃಷ್ಣಯ್ಯ ನನ್ನ ಕಡೆ ತಿರುಗಿ, ತವರಿನ ಗೋತ್ರ ಯಾವುದಮ್ಮ ಅಂದರು. ಗಾಬರಿಯಲ್ಲಿ ಅದಕ್ಕೂ ಕಾಶ್ಯಪ ಅಂದುಬಿಟ್ಟೆ. ಸಗೋತ್ರದಲ್ಲಿ ಮದುವೆ! ಅವರ ಮುಖ ನೋಡಿ ಭಾರದ್ವಾಜ ಅಂತ ತಿದ್ದಿಕೊಂಡೆ.

“ಹೋದ ಸಲ ಮೋಸ ಹೋದೆ,” ಅಂದರು ಕೃಷ್ಣಯ್ಯ. “ಹೆಂಡ್ತಿ ತುಮಕೂರಲ್ಲಿದಾಳೆ, ಮುಂದಿನ ತಿಂಗ್ಳು ಬರ್ತಾಳೆ ಅಂತಿದ್ದ. ಸುಳ್ಳು ಹೇಳೋರನ್ನ ಕಂಡ್ರೆ ನಂಗಾಗಲ್ಲ.”

ಅದು ಸೇತುರಾಮನ ಮಾತು. ಪಾಪ, ಬ್ಯಾಚುಲರ್ ಹುಡುಗ. ನಲ್ಲಿ ಇರುವ ಮನೆ ಬೇಕಿತ್ತು, ಅದಕ್ಕೊಬ್ಬ ಹೆಂಡತಿಯನ್ನು ಹುಟ್ಟಿಸಿಕೊಂಡಿದ್ದ. ಡಿಸೆಂಬರ್ ೨೬ರ ಬುಧವಾರ ಊರಿಗೆ ಅಂತ ಪೆಟ್ಟಿಗೆ ಹಿಡಿದು ಹೋದವನು ಮತ್ತೆ ಬರಲಿಲ್ಲ ಅಂತ ಕೃಷ್ಣಯ್ಯ ಮೊದಲೇ ಹೇಳಿಕೆ ಕೊಟ್ಟಿದ್ದಾರೆ.

೧೨ ಜನವರಿ, ಶನಿವಾರ

ಜಗನ್ನಾಥ್ ಸಾರ್ ಮನೆಮನೆಗೆ ಹೋಗಿ ಮಾಹಿತಿ ತರುತ್ತೇನೆ ಅಂತ ಹೊರಡುತ್ತಾರೆ. ವಿಮೆ ಏಜೆಂಟ್ ಬಂದ ಅಂತ ಇಡೀ ಬೀದಿ ಬಾಗಿಲು ಹಾಕಿಕೊಳ್ಳುತ್ತದೆ. ನಾನು ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತರೆ ಸಾಕು, ಎಲ್ಲರ ಮನೆಯ ವಿಷಯವೂ ತಾನಾಗಿ ಬರುತ್ತದೆ.

ಲಕ್ಷ್ಮೀಪತಿ ಸಂಜೆ ಹೊತ್ತು ರೇಡಿಯೋ ಸಿಲೋನ್ ಹಾಕಿ ಹಾಡು ಕೇಳುತ್ತಾನೆ. ಸಾರ್ ಕಿಟಕಿಯಲ್ಲಿ ಕೂತು ಹಾಡುಗಳನ್ನೆಲ್ಲ ಬರೆದುಕೊಳ್ಳುತ್ತಾರೆ. ಕೋಡ್ ಇರಬಹುದಂತೆ.

ನನಗೆ ಆಶ್ಚರ್ಯ ಕೆಳಗಿನ ಮನೆಯದು. ಕೃಷ್ಣಯ್ಯನವರು ಕಂಟ್ರಾಕ್ಟರು, ಇಟ್ಟಿಗೆ ಲಾರಿ ಇದೆ, ಅಷ್ಟು ದೊಡ್ಡ ಹಾಲ್ ಇದೆ. ಹಾಲ್‌ಗೆ ಬೀಗ. ಈ ಚಳಿಯಲ್ಲಿ ಗಂಡಹೆಂಡತಿ ವರಾಂಡದಲ್ಲಿ ಕಂಬಳಿ ಹೊದ್ದು ಮಲಗುತ್ತಾರೆ. ಅವರ ಹೆಂಡತಿ ಅನಂತಲಕ್ಷ್ಮಮ್ಮನವರನ್ನು ಕೇಳಿದರೆ ಮೊನ್ನೆ ಸುಣ್ಣದ ವಾಸನೆ ಅಂದರು. ಇವತ್ತು ಗೆದ್ದಲು.

ಜಗನ್ನಾಥ್ ಸಾರ್‌ಗೆ ಹೇಳಿದೆ. ಅವರ ಕಣ್ಣು ಮಿಂಚಿತು. ವಿದೇಶಕ್ಕೆ ಸುದ್ದಿ ಕಳಿಸುವ ಟ್ರಾನ್ಸ್‌ಮಿಟರ್ ಅಲ್ಲೇ ಇದೆ ಅಂದರು.

೧೪ ಜನವರಿ, ಸಂಕ್ರಾಂತಿ

ಎಳ್ಳು ಬೀರಲು ಕೆಳಗೆ ಹೋದೆ. ಬೀದಿಯ ಹೆಂಗಸರೆಲ್ಲ ವರಾಂಡದಲ್ಲೇ ಇಕ್ಕಟ್ಟಿನಲ್ಲಿ ಕೂತಿದ್ದರು. ಹೊಸದಾಗಿ ಬಂದವಳು ಗಂಡನ ಹೆಸರು ಹೇಳಲೇಬೇಕು ಅಂತ ಹಿಡಿದುಕೊಂಡರು. ನಾಚಿಕೊಳ್ಳಬೇಕಿತ್ತು, ಬಳಸಿ ಸುತ್ತಿ ಪದ್ಯ ಕಟ್ಟಿ ಹೇಳಬೇಕಿತ್ತು. ನಾನು ಕೋರ್ಟಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, ಜಗನ್ನಾಥ, ವಯಸ್ಸು ಮೂವತ್ತನಾಲ್ಕು, ಸದ್ಯದ ವಾಸ ರಾಜಾಜಿನಗರ ಅಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅನಂತಲಕ್ಷ್ಮಮ್ಮನೂ ನಕ್ಕರು. ಕಲ್ಲುಸಕ್ಕರೆ ಹಾಕಿದ ಎಳ್ಳನ್ನು ನನ್ನ ಸೆರಗಿಗೆ ಇನ್ನೊಂದು ಹಿಡಿ ಹಾಕಿದರು. ಒಳ್ಳೆಯ ಹೆಂಗಸು. ಇವರ ಮನೆಯಲ್ಲಿ ಸುಳ್ಳು ಹೇಳಿಕೊಂಡು ಕೂತಿದ್ದೇನಲ್ಲ ಅಂತ ಅನ್ನಿಸಿತು. ಕೃಷ್ಣಯ್ಯ ಮಾತ್ರ ನಗಲಿಲ್ಲ. ಮೂಲೆಯಲ್ಲಿ ನಿಂತು ನೋಡುತ್ತಿದ್ದರು.

೨೦ ಜನವರಿ, ಭಾನುವಾರ, ಕೆಂಗೇರಿ

ಅಮ್ಮನನ್ನು ನೋಡಲು ಬಂದೆ. ಮೈಸೂರು ರೋಡಿನ ಸ್ಟಾಪಿನಲ್ಲಿ ಇಳಿದು ತಾಳಿ ಬಿಚ್ಚಿ ಊಟದ ಡಬ್ಬಿಗೆ ಹಾಕಿಕೊಂಡೆ. ಮುಂದಿನ ಭಾನುವಾರ ಗಂಡಿನ ಕಡೆಯವರು ಬರುವುದು ಖಚಿತವಂತೆ. ಅಮ್ಮ ಆಗಲೇ ರವೆ ತರಿಸಿಟ್ಟಿದ್ದಾಳೆ.

ಅವರೆಕಾಯಿ ಸುಲಿಯುತ್ತ, ಟ್ರೈನಿಂಗ್ ಜಾಗದಲ್ಲಿ ಚಳಿಯೇನೇ ಅಂದಳು. ನನಗೆ ಪರವಾಗಿಲ್ಲ, ಗುರುತಿನವರೊಬ್ಬರ ಮನೆಯಲ್ಲಿ ಹಾಲ್‌ಗೆ ಬೀಗ ಹಾಕಿಕೊಂಡು ಎಲ್ಲ ವರಾಂಡದಲ್ಲಿ ನಡುಗುತ್ತಾರೆ ಅಂದೆ.

ಅಮ್ಮ ಕಾಳಿನಿಂದ ತಲೆ ಎತ್ತಲಿಲ್ಲ. “ಯಾರು ಹೋದ್ರು ಅವ್ರ ಮನೇಲಿ?” ಅಂದಳು.

ಯಾಕಮ್ಮ ಅಂದೆ.

“ನಿಮ್ಮ ತಾತ ಧನಿಷ್ಠೇಲಿ ಹೋದಾಗ ಮರ್ತ್ಯೇನೇ? ನಡುಮನೆಗೆ ಬೀಗ ಹಾಕಿ ಆರು ತಿಂಗ್ಳು ಹಿತ್ತಲಲ್ಲಿ ಬಿದ್ದಿದ್ವಲ್ಲ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದ್ರೆ ಆ ಕೋಣೇಗೆ ಕಾಲಿಡ್ಬಾರ್ದು ಕಣೇ. ಇಟ್ರೆ ಮನೇಲಿ ಇನ್ನೊಬ್ರನ್ನ ಎಳ್ಕೊಂಡು ಹೋಗತ್ತೆ.”

ಪಂಚಾಂಗ ತೆಗೆದು, ಹೋದ ತಿಂಗಳ ಕೊನೆಗೆ ಧನಿಷ್ಠೆ ಯಾವತ್ತು ನೋಡಮ್ಮ ಅಂದೆ. ಮಗಳಿಗೆ ಕೊನೆಗೂ ಜಾತಕದ ಮೇಲೆ ಮನಸ್ಸು ಬಂತು ಅಂತ ಅವಳಿಗೆ ಹಿಗ್ಗು. ಡಿಸೆಂಬರ್ ೨೮, ಪುಷ್ಯ ಶುದ್ಧ ಚೌತಿ, ಶುಕ್ರವಾರ ಸಂಜೆ. ಹೆಣ ಸಿಕ್ಕಿದ್ದು ಒಂದನೇ ತಾರೀಖು. ಸತ್ತು ಎರಡು ದಿನವೋ ನಾಲ್ಕು ದಿನವೋ ಹೇಳಲಾಗದು ಅಂತ ಡಾಕ್ಟರ್ ಬರೆದಿದ್ದರು.

ಕೃಷ್ಣಯ್ಯನ ಮನೆಯಲ್ಲಿ ಯಾರೂ ಸತ್ತಿಲ್ಲ. ಬೀದಿಗೆಲ್ಲ ಗೊತ್ತು. ಹಾಗಾದರೆ...

೨೧ ಜನವರಿ, ಸೋಮವಾರ

ಜಗನ್ನಾಥ್ ಸಾರ್ ಕೇಳಿ ನಕ್ಕರು. ನಕ್ಷತ್ರ ಅಂತ ಡೆಲ್ಲಿಗೆ ಬರೆಯಲಾಗುವುದಿಲ್ಲವಂತೆ. ಹನುಮಂತಯ್ಯ ಸಾಹೇಬರು ನಗಲಿಲ್ಲ. ತಲೆ ಕೆರೆದುಕೊಂಡರು. “ನೀನು ಹೇಳೋದು ಸರಿ ಇರಬೋದಮ್ಮ. ಆದ್ರೆ ಧನಿಷ್ಠೆನ ಕೋರ್ಟಿಗೆ ಕರೆದು ಸಾಕ್ಷಿ ಹೇಳ್ಸೋಕಾಗತ್ತಾ?”

ವಾಪಸ್ ಬಂದರೆ ಮೆಟ್ಟಿಲ ಮೇಲೆ ಕೃಷ್ಣಯ್ಯ. ನಮ್ಮ ಮದುವೆ ಫೋಟೋ ನೋಡಬೇಕಂತೆ. ಮನೆಗೊಂದು ಫೋಟೋ ಕೂಡ ತೂಗು ಹಾಕಿಲ್ಲವಲ್ಲ ಅಂದರು. ಎರಡು ದಿನ ಟೈಮ್ ಕೇಳಿದೆ.

೨೪ ಜನವರಿ, ಗುರುವಾರ, ಮಧ್ಯಾಹ್ನ

ಈಗಷ್ಟೇ ಎಲ್ಲ ಮುಗಿಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಬೆಳಿಗ್ಗೆ ಡೆಲ್ಲಿಯ ಟೆಕ್ನಿಕಲ್ ಸೆಕ್ಷನ್ನಿನಿಂದ ಮದುವೆ ಫೋಟೋ ಬಂತು. ಗಂಡಿನ ಮುಖದ ತುಂಬ ಹೂವಿನ ಪರದೆ, ಪಂಜಾಬಿಗಳ ಮದುವೆಯ ಹಾಗೆ. ಪಕ್ಕದಲ್ಲಿ ಯಾರದೋ ಸೀರೆಯ ಮೇಲೆ ನನ್ನ ಸರ್ವಿಸ್ ಬುಕ್ಕಿನ ಫೋಟೋದಿಂದ ಕತ್ತರಿಸಿದ ತಲೆ. ಹಣೆಯ ಮೇಲೆ ಟೋಪಿ ಕತ್ತರಿಸಿದ ಗುರುತು. ಇದಕ್ಕೆ ಟೆಕ್ನಿಕಲ್ ಅಂತ ಬೇರೆ ಹೆಸರು.

ಜಗನ್ನಾಥ್ ಸಾರ್ ಎದುರು ತಾರಸಿಯಲ್ಲಿ ಲಕ್ಷ್ಮೀಪತಿಗೆ ವಿಮೆ ಮಾರುವ ನೆಪದಲ್ಲಿ ಏರಿಯಲ್ ಮುಟ್ಟಿ ನೋಡುತ್ತಿದ್ದರು. ಅನಂತಲಕ್ಷ್ಮಮ್ಮ ದೇವಸ್ಥಾನಕ್ಕೆ ಹೋಗಿದ್ದರು. ಕೃಷ್ಣಯ್ಯ ಮೇಲೆ ಬಂದರು. ಫೋಟೋ ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಮೆಟ್ಟಿಲ ಬಾಗಿಲು ಹಾಕಿದರು.

“ನೀವೂ ಸುಳ್ಳು ಹೇಳ್ಕೊಂಡೇ ಬಂದಿದೀರ,” ಅಂದರು. ದನಿ ಏರಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಇದೇ ಸುಳ್ಳಿಗೆ ಒಬ್ಬನ ತಲೆ ಒಡೆದಿದೆ. ನನ್ನ ಲಾಠಿ ಸ್ಟೇಷನ್ನಿನಲ್ಲಿ. ಕೈಗೆ ಸಿಕ್ಕಿದ್ದು ಸೌಟು.

ಬಾಯಿಗೆ ಬಂದದ್ದು ಹೇಳಿದೆ. “ಇಲ್ಲಿ ಬೇಡ ಸಾರ್, ಬೀದಿಗೆ ಕೇಳ್ಸತ್ತೆ. ಕೆಳಗೆ ಹಾಲ್‌ನಲ್ಲಿ ಕೂತ್ಕೊಂಡು ಮಾತಾಡೋಣ.”

“ಹಾಲ್‌ಗೆ ಹೋಗೋ ಹಾಗಿಲ್ಲ.”

“ಎಲ್ಲೀವರ್ಗೂ?”

“ಆಷಾಢದ ಚೌತಿ ಕಳೀಬೇಕು,” ಅಂದರು. ಯಾರೋ ತಿಥಿ ಕೇಳಿದರೆ ಹೇಳಿದ ಹಾಗೆ, ತಡವರಿಸದೆ.

ಆರು ತಿಂಗಳು ಹಿಂದಕ್ಕೆ ಎಣಿಸಿದರೆ ಪುಷ್ಯದ ಚೌತಿ. ಅದನ್ನೇ ಅವರಿಗೆ ಹೇಳಿದೆ. ಅವತ್ತು ಶುಕ್ರವಾರ, ಧನಿಷ್ಠೆ. ಬುಧವಾರವೇ ಊರಿಗೆ ಹೋದವನು ಶುಕ್ರವಾರ ನಿಮ್ಮ ಹಾಲ್‌ನಲ್ಲಿ ಹೇಗೆ ಸತ್ತ ಅಂತ ಕೇಳಿದೆ.

ಕೃಷ್ಣಯ್ಯ ಮೆಲ್ಲಗೆ ನೆಲದ ಮೇಲೆ ಕೂತರು. ಎಲ್ಲ ಹೇಳಿದರು. ತುಮಕೂರಿಗೆ ಹೋಗಿ ವಿಚಾರಿಸಿದ್ದರು, ಹೆಂಡತಿ ಇರಲಿಲ್ಲ. ಹಾಲ್‌ಗೆ ಕರೆದು ಬೈದರು, ಹುಡುಗ ತಿರುಗಿ ಮಾತಾಡಿದ, ತಳ್ಳಿದರು. ಬೀರುವಿನ ಅಂಚು. ಇಟ್ಟಿಗೆ ಲಾರಿ, ಕೆರೆ. ಪೊಲೀಸರಿಗೆ ಅವರು ಹೆದರಿರಲಿಲ್ಲ. ದೋಷಕ್ಕೆ ಹೆದರಿದ್ದರು.

ಜಗನ್ನಾಥ್ ಸಾರ್ ಬಂದು ಬಾಗಿಲು ತಟ್ಟಿದಾಗ ನಾನು ಕೊಲೆಗಾರನಿಗೆ ನೀರು ಕುಡಿಸುತ್ತಿದ್ದೆ.

೨೫ ಜನವರಿ, ಶುಕ್ರವಾರ

ಹಾಲ್ ಬೀಗ ಒಡೆದರು. ಒಡೆದ ಮೇಲೆ ಒಳಗೆ ಹೋಗುವವರಿಲ್ಲ. ಒಬ್ಬ ಕಾನ್ಸ್‌ಟೇಬಲ್‌ಗೆ ಮನೆಯಲ್ಲಿ ಬಸುರಿ ಹೆಂಡತಿ, ಇನ್ನೊಬ್ಬನಿಗೆ ಜನ್ಮಶನಿ. ಹನುಮಂತಯ್ಯ ಸಾಹೇಬರು ಹೊಸ್ತಿಲ ತನಕ ಹೋಗಿ, ಪಕ್ಕಕ್ಕೆ ಸರಿದು ಕೈ ತೋರಿಸಿದರು. “ಡೆಲ್ಲಿಯವ್ರು ಮೊದ್ಲು ಹೋಗ್ಲಿ ಸಾರ್. ಫುಲ್ ಕೋಆಪರೇಷನ್.”

ಜಗನ್ನಾಥ್ ಸಾರ್ ಹೋದರು. ಟ್ರಾನ್ಸ್‌ಮಿಟರ್ ಇರಲಿಲ್ಲ. ಬೀರುವಿನ ಅಂಚಿನಲ್ಲಿ ಒಣಗಿದ ರಕ್ತ, ಕೆಳಗೆ ಒಡೆದ ಕನ್ನಡಕ, ಒಂದು ಚಪ್ಪಲಿ. ಯಾರೂ ಕಾಲಿಟ್ಟಿಲ್ಲವಲ್ಲ, ಹೇಗಿತ್ತೋ ಹಾಗೇ ಇತ್ತು. ಕನ್ನಡಕಕ್ಕೆ ಒಂದು ಕಡೆ ದಾರ ಸುತ್ತಿ ರಿಪೇರಿ ಮಾಡಿಕೊಂಡಿದ್ದ. ಅದನ್ನು ನೋಡಿ ಅಳು ಬಂತು.

ಸೇತುರಾಮ ಬರೆಯುತ್ತಿದ್ದದ್ದು ಕಾರ್ಖಾನೆಯ ಹೊಸ ಕ್ಯಾಂಟೀನಿನ ನಕ್ಷೆ. ಆದರೂ ಡೆಲ್ಲಿಯ ರಿಪೋರ್ಟಿನಲ್ಲಿ ವಿದೇಶದ ಕೈವಾಡ ಇಲ್ಲವೆನ್ನಲಾಗದು ಅಂತ ಇದೆಯಂತೆ. ಸ್ಥಳೀಯ ಪೊಲೀಸರು ಸಹಕರಿಸಿದರು ಅಂತಲೂ ಇದೆ. ಅದು ನಾನು.

ನನ್ನ ಹೆಸರು ತನಿಖೆಯ ಕೆಲಸಕ್ಕೆ ಹೋಯಿತು! ಸಾಹೇಬರು ತಾಳಿಯನ್ನು ಸೋಮವಾರ ಮರೆಯದೆ ತಂದುಕೊಡು ಅಂದರು.

೨೭ ಜನವರಿ, ಭಾನುವಾರ, ಕೆಂಗೇರಿ, ಸಂಜೆ

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಗಂಡಿನ ಕಡೆಯವರು. ಅಮ್ಮ ಹಿತ್ತಲಿನಿಂದ ಬರುವುದರೊಳಗೆ ಮುಗಿಸಬೇಕು.

ಬೆಳಿಗ್ಗೆ ಇಷ್ಟು ದಿನದ ರೂಢಿಯಂತೆ ತಯಾರಾಗಿ ಪಾತ್ರೆ ತರಲು ರಾಜಾಜಿನಗರಕ್ಕೆ ಹೋಗಿದ್ದೆ. ಅನಂತಲಕ್ಷ್ಮಮ್ಮ ವರಾಂಡದಲ್ಲಿ ಒಬ್ಬರೇ ಕೂತಿದ್ದರು. ಶಾಪ ಹಾಕಲಿ, ತಡೆದುಕೊಳ್ಳೋಣ ಅಂತ ಮುಂದೆ ಹೋಗಿ ನಿಂತೆ. ಅವರು ನನ್ನನ್ನೇ ನೋಡಿದರು.

“ಇವ್ರು ಏನ್ ಮಾಡಿದ್ರು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೇ. ನಿಂಗೆ ಮದ್ವೆ ಆಗಿಲ್ಲ ಅನ್ನೋದು ಗೊತ್ತಿರ್ಲಿಲ್ಲ.”

ಅಷ್ಟೇ. ಆಮೇಲೆ ಒಳಗೆ ಹೋಗಿ ಕುಂಕುಮ ತಂದು ಇಟ್ಟರು. ಬೇಗ ಆಗಲಿ ಅಂದರು. ಇಬ್ಬರೂ ಅತ್ತೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರದೇ ಯೋಚನೆ. ಮೈಸೂರು ರೋಡು ಯಾವಾಗ ಬಂತು, ಯಾವಾಗ ಹೋಯಿತು, ಗೊತ್ತೇ ಆಗಲಿಲ್ಲ. ಕಂಡಕ್ಟರ್ ಯಾಕೋ ತುಂಬ ಮರ್ಯಾದೆಯಿಂದ, ತಾಯೀ ಇಳೀರಿ ಕೆಂಗೇರಿ ಬಂತು ಅಂತ ಎಬ್ಬಿಸಿದ.

ಮನೆಗೆ ಬಂದರೆ ಅವರು ಬಂದು ಕೂತೇಬಿಟ್ಟಿದ್ದರು. ಕೈ ಮುಗಿದು ಎಲ್ಲರ ಮುಂದೆ ಹಾದು ಒಳಗೆ ಬಂದೆ. ಹುಡುಗ ಪರವಾಗಿಲ್ಲ. ಅದೇನೋ ನನ್ನನ್ನು ಕಂಡ ಕೂಡಲೇ ಮಾತೆಲ್ಲ ನಿಂತುಹೋಯಿತು. ಹುಡುಗನ ತಾಯಿ ನನ್ನ ಕತ್ತನ್ನೇ ನೋಡುತ್ತಿದ್ದರು. ಬಸ್ಸಿನ ಬೆವರು ಇರಬೇಕು. ಅಮ್ಮ ಬಂದಳು, ಉಪ್ಪಿಟ್ಟಿನ ತಟ್ಟೆ ತಗೋ ಅನ್ನುತ್ತಿದ್ದಾಳೆ. ಸ್ವಲ್ಪ ಒರೆಸಿಕೊಂಡು ಹೋಗೋಣ ಅಂತ ಸೆರಗು ಎತ್ತಿದರೆ ಕೈಗೆ --