ಹುಳು ಏಳುವುದರೊಳಗೆ

ರೀ,

ಹಿಪ್ಪುನೇರಳೆ ಸೊಪ್ಪು ತರಲು ಆವನಿಯಲ್ಲಿರುವ ಅಣ್ಣನ ತೋಟಕ್ಕೆ ಹೋಗುತ್ತಿದ್ದೇನೆ. ನಮ್ಮ ತೋಟದ ಒಂದೆಲೆಯನ್ನೂ ಹುಳುಗಳಿಗೆ ಹಾಕಬೇಡಿ. ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟಿ.

ರೇಷ್ಮೆ ಹುಳುಗಳು ಪೊರೆ ಬಿಡುವ ಕೊನೆಯ ಜ್ವರಕ್ಕೆ ಕೂತಿವೆ, ಸಂಜೆಗೆ ಎದ್ದು ಮೇವು ಕೇಳುತ್ತವೆ. ಪಕ್ಕದ ತೋಟದ ಕದಿರೇಶ ಕೊಟ್ಟ ಗಡುವೂ ಅದೇ: "ಹುಳ ಏಳೋದ್ರೊಳಗೆ ಬೇಲಿ ಕಿತ್ತು ದಾರಿ ಬಿಡು. ಇಲ್ಲಾಂದ್ರೆ ನನ್ನ ಟೊಮೇಟೊಗೆ ಔಷಧಿ ಹೊಡೀತೀನಿ. ಗಾಳಿ ನಿನ್ನ ಕಡೆ ಬೀಸಿದ್ರೆ ನಂಗೊತ್ತಿಲ್ಲ. ಅಂತೇ!"

ನೀವು "ಬರೀ ಬಾಯಿಮಾತು ಕಣೇ" ಎಂದು ನಕ್ಕಿರಿ. ಕೊನೆಯ ಆ "ಅಂತೇ", 'ಅಷ್ಟೇ' ಎನ್ನುವ ತೆಲುಗು ಮಾತು, ನಿಮ್ಮ ಕಿವಿಗೆ ಬೀಳಲೇ ಇಲ್ಲವೇ? ಕನ್ನಡದಲ್ಲಿ ಕೂಗಾಡುವವರೆಗೂ ಅವನೊಡನೆ ರಾಜಿಗೆ ಜಾಗವಿರುತ್ತದೆ. ತೆಲುಗಿಗೆ ತಿರುಗಿದನೆಂದರೆ ಮುಗಿಯಿತು, ಹೇಳಿದ್ದನ್ನು ಮಾಡಿಯೇ ತೀರುತ್ತಾನೆ. ಸ್ವಂತ ತಮ್ಮನಿಗೂ ಹೀಗೆಯೇ "ಅಂತೇ" ಅಂದಿದ್ದ. ಆ ತಮ್ಮನ ಬೋರ್‌ವೆಲ್ಲಿನೊಳಗೆ ಇವತ್ತಿಗೂ ಕಲ್ಲು ತುಂಬಿದೆ.

ಮುದ್ದೆ, ಹುರುಳಿಕಾಳಿನ ಸಾರು ಮುಚ್ಚಿಟ್ಟಿದ್ದೇನೆ. ಹೊಟ್ಟೆ ತುಂಬ ಉಂಡು, ಹಟ ಬಿಟ್ಟು, ಬೇಲಿ ಕೀಳಿ.

ಬೆಳಿಗ್ಗೆ ಅವನು ಬದುವಿನ ಮೇಲೆ ಸಿಕ್ಕಿದ್ದ, ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು. ಹುಳು ಎದ್ದವೇನಮ್ಮಾ ಎಂದು ನಗುನಗುತ್ತಲೇ ಕೇಳಿದ.

ತೆಲುಗಿನಲ್ಲಿ.