ಧರಣಿಯ ನಿಶ್ಚಯಕ್ಕೆ ಹಾಸಿದ ಕಾರ್ಪೆಟ್

ಪೆರಿಯನಾಯಕನಪಾಳ್ಯಂ
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಬೆಳ್ಳಿಯಕ್ಕನಿಗೆ,

ನಿನ್ನ ತಂಗಿ ಸುಶೀಲಳ ನಮಸ್ಕಾರ. ಮಂಡಿನೋವು ಈಗ ಹೇಗಿದೆ? ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಫೋನ್ ಮಾಡೋಣವೆಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ. ಎಲ್ಲರೂ ಕನ್ನಡ ಮಾತಾಡುವವರೇ, ಓದಿದ್ದು ಮಾತ್ರ ತಮಿಳು, ಕನ್ನಡ ಅಕ್ಷರ ಒಬ್ಬರಿಗೂ ಬಾರದು. ಅಪ್ಪ ಮಗ್ಗದ ಪಕ್ಕ ಕೂರಿಸಿಕೊಂಡು ನಮ್ಮಿಬ್ಬರಿಗೂ ತಿದ್ದಿಸಿದ್ದು ಈಗ ಉಪಯೋಗಕ್ಕೆ ಬಂತು.

ನನ್ನ ಮೈದುನ ಧನಪಾಲನ ಮಗಳು ಧರಣಿಗೆ ತಿರುಪ್ಪೂರಿನ ಬನಿಯನ್ ಕಂಪನಿಯವರ ಮನೆಯಿಂದ ಸಂಬಂಧ ಕೂಡಿಬಂದಿತ್ತು. ಹೂ ಮುಡಿಸಲು ಬರುವ ದಿನ ಗೊತ್ತಾದ ಸಂಜೆಯೇ ನನಗೆ ಅಪ್ಪಣೆಯಾಯಿತು: ಅವರು ಬಂದಾಗ ನಾನು ಅಡುಗೆಮನೆಯಿಂದ ಹೊರಗೆ ಬರಬಾರದಂತೆ. ಗಂಡ ಸತ್ತವಳ ಮುಖ ಶುಭಕ್ಕೆ ಆಗದು, ಅವಳು ಮಾಡಿದ ಕೇಸರಿಬಾತು ಆಗುತ್ತದೆ. ಮೈಯೆಲ್ಲ ಉರಿದುಹೋಯಿತು, ಅಕ್ಕ.

ಮಾರನೆಯ ದಿನ ಧನಪಾಲ್, "ಅತ್ತಿಗೆ, ಹಾಲ್‌ಗೆ ಕಾರ್ಪೆಟ್ ಹಾಕ್ಸಾದು. ನೂಲ್ ವಿಸಯ ನಿಮ್ಗೇ ತಾನೆ ಗೊತ್ತು, ಬನ್ನಿ" ಎಂದು ಆರ್.ಎಸ್. ಪುರಂನ ಅಂಗಡಿಗೆ ಕರೆದುಕೊಂಡು ಹೋದ. ಅವನ ಹೆಂಡತಿ ಸಾಂತಿಯೂ ಬಂದಿದ್ದಳು. ನೂಲು ನೋಡಲು ನಾನು ಬೇಕು, ನೆಂಟರ ಮುಖ ನೋಡಲು ಬೇಡ!

ಅಂಗಡಿಯವನು ಎರಡು ಬಗೆ ಹಾಸಿ ತೋರಿಸಿದ. ಒಂದರಲ್ಲಿ ನೂಲಿನ ತುದಿ ಕತ್ತರಿಸಿತ್ತು. ಇನ್ನೊಂದು ಬರ್ಬರ್ ಅಂತೆ. ಟರ್ಕಿ ಟವೆಲ್ಲಿನ ಹಾಗೆ ನೂಲು ಕುಣಿಕೆ ಕುಣಿಕೆಯಾಗಿ ಎದ್ದು ನಿಂತಿತ್ತು. ಬೆರಳಾಡಿಸಿ ನೋಡಿದೆ. ಕುಣಿಕೆ ದೊಡ್ಡದು, ಹಿಡಿತ ಸಡಿಲ. ಕಾಲುಂಗುರ ಸಿಕ್ಕಿದರೆ ಸುಲಭಕ್ಕೆ ಬಿಡುವುದಿಲ್ಲ. ಬರುವ ಮುತ್ತೈದೆಯರ ಕಾಲಲ್ಲೆಲ್ಲ ಕಾಲುಂಗುರ ಇರುತ್ತದೆ, ನನ್ನ ಬೆರಳು ಬರಿದು. "ಇದೇ ಲಕ್ಸಣವಾಗದೆ" ಎಂದೆ. "ನಮ್ಮಕ್ಕನ್ ಕಣ್ಣೇ ಕಣ್ಣು" ಎಂದು ಸಾಂತಿ ಹೊಗಳಿದಳು. ನಗು ತಡೆದುಕೊಂಡೆ.

ಹಾಕುವವರು ಬಂದು ಗೋಡೆಯ ಬುಡಕ್ಕೆ ಮೊಳೆಪಟ್ಟಿ ಹೊಡೆದು, ಮೊಣಕಾಲಿನಿಂದ ಗುದ್ದಿ ಗುದ್ದಿ ಬಿಗಿಯಾಗಿ ಎಳೆದು ಕೂರಿಸಿದರು. ಎರಡು ತುಂಡು ಸೇರುವ ಜಾಗ ಸೋಫಾದ ಕೆಳಗೆ ಮರೆಯಾಗಲಿ ಎಂದರು. ಕುಣಿಕೆ ಮೊದಲು ಏಳುವುದು ಆ ಸೇರುವ ಜಾಗದಲ್ಲೇ. ಬೇಡ, ಬಾಗಿಲೆದುರಿಗೇ ಬರಲಿ, ಅದೇ ವಾಸ್ತು ಎಂದೆ. ವಾಸ್ತು ಎಂದ ಮೇಲೆ ಹಾಗೇ ಹಾಕಿದರು.

ಮೊನ್ನೆ ಭಾನುವಾರ ಬಂದರು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಾನು ಕಾದು ನಿಂತಿದ್ದೆ. ಹುಡುಗನ ತಾಯಿ ಹೂವಿನ ತಟ್ಟೆ ಹಿಡಿದು ಒಳಗೆ ಕಾಲಿಟ್ಟಳು. ಕಾಲುಂಗುರ ಸಿಕ್ಕಿ ಮುಗ್ಗರಿಸಿ ಬಿದ್ದಳು. ಹೂವೆಲ್ಲ ಚೆಲ್ಲಾಪಿಲ್ಲಿ. ಧರಣಿ ನನ್ನ ಹತ್ತಿರ ಓಡಿ ಬಂದಳು.

"ದೊಡ್ಡಮ್ಮ, ಅವ್ರ ಕಾಲ್ಗೆ ನೂಲ್ ಸಿಕ್ಕೊಂಡದೆ. ಏನ್ ಮಾಡಾದು?"

ಎದ್ದ ಕುಣಿಕೆಯನ್ನು ಎಳೆಯಬಾರದು, ಕತ್ತರಿಸಬೇಕು. ನೇಯುವವರ ಮನೆಯ ಕೂಸಿಗೂ ಅದು ಗೊತ್ತು. ಇವರು ಮಗ್ಗ ಬಿಟ್ಟು ಎರಡು ತಲೆಮಾರಾಯಿತು. ಕತ್ತರಿ ನನ್ನ ಕೈಗೆಟಕುವಲ್ಲೇ ಇತ್ತು.

"ಎಳಿ ಕಣ್ಣು, ಬತ್ತದೆ" ಎಂದು ಮುದ್ದಿನಿಂದಲೇ ಹೇಳಿದೆ.

ಎಳೆದಳು. ಬಾಗಿಲಿನಿಂದ ಸೋಫಾದವರೆಗೆ ಸಾಲಿಗೆ ಸಾಲೇ ಸರ್ರನೆ ಬಿಚ್ಚಿಕೊಂಡಿತು. ಹುಡುಗನ ಅಜ್ಜಿ "ಸಗುನ ಸರಿಯಿಲ್ಲ, ನಡೀರಿ" ಎಂದಳು. ಕಾಫಿಯನ್ನೂ ಮುಟ್ಟದೆ ಹೋದರು. ನಿನ್ನೆ, ಈ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ನನ್ನನ್ನು ಬಚ್ಚಿಟ್ಟರೆ ಅಪಶಕುನ ತಪ್ಪಿತೇ? ಸಾಂತಿ ಅಳುತ್ತಿದ್ದಾಳೆ. ಅಳಲಿ. ಮಾಡಿದ್ದುಣ್ಣೋ ಮಹರಾಯ.

ಭಾವನಿಗೆ ನಮಸ್ಕಾರ ತಿಳಿಸು. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ.

ನಿನ್ನ ತಂಗಿ,
ಸುಶೀಲ

ಇನ್ನೊಂದು ಮಾತು: ಒಳಗಿರು ಎಂದದ್ದು ಸಾಂತಿ ಅಂತ ನೀನು ಅಂದುಕೊಂಡಿರುತ್ತೀಯ. ಅವಳಲ್ಲ, ಧನಪಾಲನೂ ಅಲ್ಲ. ಧರಣಿ. ಸಾಂತಿ ಕೆಲಸಕ್ಕೆ ಹೋಗುತ್ತಿದ್ದಾಗ ನನ್ನ ಸೊಂಟದ ಮೇಲೇ ಬೆಳೆದವಳು, ಮಕ್ಕಳಿಲ್ಲದ ನನ್ನನ್ನು ಮೊದಲು ಅಮ್ಮ ಎಂದವಳು. ಆ ಸಂಜೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. "ದೊಡ್ಡಮ್ಮ, ಅವತ್ತೊಂದ್ ದಿನ ನೀನು ಒಳ್ಗೇ ಇದ್ಬುಡು" ಎಂದಳು. ನಾನು ಕೈ ನಿಲ್ಲಿಸಲಿಲ್ಲ, ಪೂರ್ತಿ ಹಚ್ಚಿ ಜಡೆ ಹಾಕಿದೆ. ಅವಳ ನಿಶ್ಚಯ ಮುರಿದರೂ ನನ್ನ ಹೊಟ್ಟೆಯ ಉರಿ ಆರಿಲ್ಲ, ಅಕ್ಕ.