ಹಳ್ಳದ ಎರಡು ದಡದ ಅರಣ್ಯಾಧಿಕಾರಿಗಳಿಗೆ

ಮಾನ್ಯರೇ,

ಹಳ್ಳದ ಈಚೆಯ ವಲಯಾಧಿಕಾರಿಗಳೇ, ಆಚೆಯ ವಲಯಾಧಿಕಾರಿಗಳೇ, ನೀವಿಬ್ಬರೂ ಸೇರಿ ನನ್ನ ತಮ್ಮನನ್ನು ಕೊಂದಿರಿ. ತುಳಿದದ್ದು ಆನೆ, ನಿಜ. ಅದನ್ನು ಅವನ ಮೇಲೆ ಅಟ್ಟಿದವರು ಯಾರು?

ಕಳೆದ ವರ್ಷ, ೨೦೦೭ರ ಡಿಸೆಂಬರ್. ಬೆಳಿಗ್ಗೆ ಈಚೆಯವರು ಪಟಾಕಿ ಸಿಡಿಸಿ ಒಂಟಿಸಲಗವನ್ನು ಹಳ್ಳ ದಾಟಿಸಿದಿರಿ. ಆಚೆಯವರಿಗೆ ಒಂದು ಫೋನ್ ಮಾಡಲಿಲ್ಲ. "ಆನೆ ಹೋಯ್ತಂತೆ, ಹಣ್ಣು ಉದುರ್ತಾ ಐತೆ" ಎಂದು ಹೆಂಡತಿಗೆ ಹೇಳಿ ನನ್ನ ತಮ್ಮ ಚನ್ನಬಸವಯ್ಯ ಹಳ್ಳದಂಚಿನ ನಮ್ಮ ಎರಡೆಕರೆ ಕಾಫಿ ತೋಟಕ್ಕಿಳಿದ. ಅರ್ಧ ಗಂಟೆಯಲ್ಲಿ ಆಚೆಯವರು ಗಾಳಿಯಲ್ಲಿ ಗುಂಡು ಹಾರಿಸಿ ಆನೆಯನ್ನು ಹಿಂದಕ್ಕಟ್ಟಿದಿರಿ. ನೀವೂ ಫೋನ್ ಮಾಡಲಿಲ್ಲ.

ಕೂಗು ಕೇಳಿ ನಾನು ಓಡಿಹೋದಾಗ ತಮ್ಮ ಹಳ್ಳದ ಮರಳಿನ ಮೇಲೆ ಬಿದ್ದಿದ್ದ. ಉಸಿರಿತ್ತು. ಎರಡೂ ದಡದಲ್ಲಿ ನಿಮ್ಮ ಜೀಪುಗಳಿದ್ದವು. ಕೈಮುಗಿದೆ.

"ಹಳ್ಳದೊಳಗೆ ಬಿದ್ದವ್ರೆ ಕಣ್ರೀ, ಅದು ಅವ್ರ ರೇಂಜು," ಎಂದ ಈಚೆಯ ಗಾರ್ಡ್.

"ಆನೆ ಬಂದಿದ್ದು ನಿಮ್ಮ ಕಡೆಯಿಂದ. ನಾವು ಮುಟ್ಟಂಗಿಲ್ಲ," ಎಂದ ಆಚೆಯವನು.

ಸಾಹೇಬರನ್ನು ಕೇಳುತ್ತೇವೆಂದು ಇಬ್ಬರೂ ನಲವತ್ತು ನಿಮಿಷ ವೈರ್‌ಲೆಸ್ ಹಿಡಿದು ನಿಂತರು. ಕೊನೆಗೆ ನಾವೇ ಬಿದಿರೇಣಿಗೆ ಕಟ್ಟಿ ಹೊತ್ತು, ಹಾಲಿನ ವ್ಯಾನಿಗೆ ಹಾಕಿದೆವು. ಸಕಲೇಶಪುರ ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಅವನ ತಲೆ ವಾಲಿತು.

ಸಹಕಾರವೆಂದರೆ ನಿಮಗೆ ತಿಳಿಯದು ಎಂದು ಹೇಳಲಾರೆ. ಮರುದಿನವೇ ಇಬ್ಬರೂ ಒಂದೇ ವರದಿಗೆ ಸಹಿ ಹಾಕಿದಿರಿ: "ಮೃತನು ಎಚ್ಚರಿಕೆಯನ್ನು ಕಡೆಗಣಿಸಿದ್ದನು." ಯಾವ ಎಚ್ಚರಿಕೆ ಸ್ವಾಮಿ? ಕೊಟ್ಟವರು ಯಾರು?

ಮಾಹಿತಿ ಹಕ್ಕಿನಡಿ ನಿಮ್ಮಿಬ್ಬರ ದಿನಚರಿಯನ್ನೂ ತರಿಸಿದ್ದೇನೆ. ಒಂದೇ ದಿನ, ಒಂದೇ ಆನೆಯನ್ನು "ನಮ್ಮ ಸರಹದ್ದಿನಿಂದ ಯಶಸ್ವಿಯಾಗಿ ಹೊರಗಟ್ಟಲಾಯಿತು" ಎಂದು ಇಬ್ಬರೂ ಬರೆದಿದ್ದೀರಿ. ಹಾಗಾದರೆ ಆನೆ ಆಕಾಶದಲ್ಲಿತ್ತೇ? ನಾವು ಹೂಡಿದ ಕೇಸಿನಲ್ಲಿ ಎರಡೂ ಪ್ರತಿಗಳು ಈಗ ನ್ಯಾಯಾಲಯದಲ್ಲಿವೆ. ನಿಮ್ಮ ಬಡ್ತಿ ನಿಂತಿದೆಯಂತೆ. ಕೇಳಿ ಸಂತೋಷವಾಯಿತು, ಮುಚ್ಚಿಡುವುದಿಲ್ಲ. ಯಾವ ಊರಿಗೆ ವರ್ಗ ಮಾಡಿಸಿಕೊಂಡರೂ ಸಮನ್ಸ್ ನಿಮಗಿಂತ ಮುಂಚೆ ಅಲ್ಲಿರುತ್ತದೆ.

ನನ್ನ ಬೇಡಿಕೆ ಇಷ್ಟು. ಎರಡೂ ದಡಕ್ಕೆ ಒಂದೇ ಕಾವಲು ಪಡೆ ಇರಲಿ. ಆನೆ ಅಟ್ಟುವ ಮೊದಲು ಆ ಕಡೆಯವರಿಗೂ ಊರಿಗೂ ತಿಳಿಸಿ. ಗಾಯಾಳುವನ್ನು ಮೊದಲು ಕಂಡವರು ಎತ್ತಲಿ. ಇದನ್ನು ಇಬ್ಬರೂ ಸಹಿ ಮಾಡಿ ಕೊಡಿ.

ಮೊನ್ನೆ ರಾಜಿಗೆಂದು ನೀವು ಕಳಿಸಿದ ಗುಂಡಯ್ಯನಿಗೆ ತಮ್ಮನ ಹೆಂಡತಿ ಇಂದ್ರಮ್ಮ ಕಾಫಿ ಕೊಟ್ಟು ಹೇಳಿದ ಮಾತು ನಿಮಗೆ ತಲುಪಿರಲಿಕ್ಕಿಲ್ಲ:

"ಇಬ್ರೂ ಒಂದೇ ಜೀಪಲ್ಲಿ ಬರ್ಲಿ ಕಣಣ್ಣ. ನಮ್ಮ ಅಂಗಳದಲ್ಲಿ ಕೂತು ಬರಕೊಡ್ಲಿ. ಆಮೇಲೂ ಕೇಸು ವಾಪಸ್ ತಗಳಲ್ಲ."

ಇಂತಿ,
ಹೆಸರಿನಲ್ಲಷ್ಟೇ ಶಾಂತಿ ಉಳಿದಿರುವ
ಶಾಂತಮಲ್ಲಪ್ಪ